ದೂರದರ್ಶಕವಿಲ್ಲದ ಜ್ಯೋತಿರ್ವಿದರು

ಶಿಲಾಶಾಸನವೊಂದನ್ನು ಪರಿಶೀಲಿಸಬೇಕೆನ್ನುವ ವಿದ್ವಾಂಸನು ಪ್ರತಿಸಾರಿಯೂ ಆ ಕಲ್ಲಿರುವ ಗ್ರಾಮಕ್ಕೆ ಹೋಗಿ ಅದರ ಮುಂದೆ ಕುಳಿತುಕೊಳ್ಳಬೇಕಾಗಿಲ್ಲ. ಕಾಗದದ ಮೇಲೆ ಚೆನ್ನಾಗಿ ತೆಗೆದ ಪಡಿಯಚ್ಚೊಂದು ಕೈಗೆ ಬಂದರೆ ಸಾಕು. ಅವನು ತನ್ನ ಮನೆಯ ಮೇಜಿನ ಬಳಿ ಕುಳಿತು ಒಂದೊಂದು ಅಕ್ಷರವನ್ನೂ ನಿಧಾನವಾಗಿ ನೋಡಿ, ಸಂದೇಹವಿದ್ದೆಡೆ ಮತ್ತೆ ಮತ್ತೆ ನೋಡಿ, ಹಿಂದಿನವರು ಓದಿದ ಪಾಠವು ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸಬಹುದು. ರೈಸ್ ಮಹಾಶಯರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಂದ ಕನ್ನಡ ನಾಡಿನ ಚರಿತ್ರೆಗೆ ಆದ ಉಪಕಾರದ ಮೂಲವೂ ಇದೇ: ಊರೂರಿನ ಕಲ್ಲುಗಳಲ್ಲಿ ಹುದುಗಿದ್ದ ಸಾಕ್ಷ್ಯವು ಓದಬಲ್ಲವರೆಲ್ಲರ ಕೈಗೂ ಎಟುಕುವಂತಾಯಿತು.

ಆಕಾಶಕ್ಕೂ ಇಂತಹ ಪಡಿಯಚ್ಚುಗಳು ಉಂಟು. ಮೊದಲು ಗಾಜಿನ ಫಲಕಗಳ ರೂಪದಲ್ಲಿಯೂ, ಆಮೇಲೆ ಅಂಕಿಗಳ ರೂಪದಲ್ಲಿಯೂ ಅವು ಸಿದ್ಧವಾದುವು. ಇಂದು ಬ್ರೌಸರ್ ಎಂಬ ಸಾಧನವಿರುವ ಗಣಕಯಂತ್ರವು ಯಾವ ಮನೆಯಲ್ಲಿದ್ದರೂ ಆ ಮನೆಯವರು ಅವುಗಳನ್ನು ತರಿಸಿಕೊಂಡು ನೋಡಬಹುದು. ನೋಡುವುದು ಮಾತ್ರವಲ್ಲದೆ ಅಳೆಯಲೂ ಬಹುದು. ಈ ಅನುಕೂಲವು ಒಮ್ಮೆಲೇ ಒದಗಿದುದಲ್ಲ. ಸ್ವಂತ ದೂರದರ್ಶಕ ಯಂತ್ರವಿಲ್ಲದಿದ್ದರೂ ಆಕಾಶವನ್ನು ಅಳೆಯುವ ಹಟ ತೊಟ್ಟ ಕೆಲವರ ಶ್ರಮವು ಇದರ ಹಿಂದೆ ಇದೆ.

ಛಾಯಾಗ್ರಹಣವು ಬರುವುದಕ್ಕೆ ಮುಂಚೆ ವೇಧಶಾಲೆಯ ಪಂಡಿತನು ಕಂಡದ್ದು ಅವನ ಕಣ್ಣಿನೊಡನೆಯೇ ಮುಗಿದುಹೋಗುತ್ತಿತ್ತು. ಅವನು ಬರೆದಿಟ್ಟ ಅಂಕೆಗಳೂ ಕೈಯಿಂದ ತೆಗೆದ ಚಿತ್ರಗಳೂ ಉಳಿಯುತ್ತಿದ್ದುವೇ ಹೊರತು ನೋಟವು ಉಳಿಯುತ್ತಿರಲಿಲ್ಲ; ಅವನ ಮಾತನ್ನು ನಂಬಬೇಕಾಗಿತ್ತು, ಪರೀಕ್ಷಿಸುವಂತಿರಲಿಲ್ಲ. 1850ರ ಜುಲೈ ತಿಂಗಳಲ್ಲಿ ಅಮೆರಿಕದ ಹಾರ್ವರ್ಡ್ ವೇಧಶಾಲೆಯಲ್ಲಿ ಬಾಂಡ್, ವಿಪಲ್ ಎಂಬವರು ಅಭಿಜಿತ್ ನಕ್ಷತ್ರದ ಛಾಯಾಚಿತ್ರವನ್ನು ತೆಗೆದರು. ಸೂರ್ಯನನ್ನು ಬಿಟ್ಟರೆ ಛಾಯಾಚಿತ್ರದಲ್ಲಿ ಮೂಡಿದ ಮೊದಲನೆಯ ನಕ್ಷತ್ರ ಅದೇ. ಆದರೆ ಈ ವಿದ್ಯೆಯ ನಿಜವಾದ ಸಾಮರ್ಥ್ಯವು ತಿಳಿದದ್ದು 1882ರಲ್ಲಿ. ಆ ವರ್ಷ ದಕ್ಷಿಣ ಆಫ್ರಿಕದ ಕೇಪ್ ವೇಧಶಾಲೆಯಲ್ಲಿ ಡೇವಿಡ್ ಗಿಲ್ ಅವರು ಸ್ಥಳೀಯ ಛಾಯಾಗ್ರಾಹಕನೊಬ್ಬನ ನೆರವಿನಿಂದ ಮಹಾ ಧೂಮಕೇತುವಿನ ಚಿತ್ರಗಳನ್ನು ತೆಗೆಯಿಸಿದರು. ಧೂಮಕೇತುವಿನ ಹಿಂದೆ, ಯಾರೂ ಬೇಡದೆಯೇ, ನೂರಾರು ನಕ್ಷತ್ರಗಳು ಫಲಕದ ಮೇಲೆ ಮೂಡಿದ್ದುವು. ಅದನ್ನು ಕಂಡ ಗಿಲ್ ಅವರಿಗೆ, ದಕ್ಷಿಣಾಕಾಶದ ನಕ್ಷತ್ರಗಳನ್ನೆಲ್ಲ ಈ ವಿಧದಿಂದಲೇ ಪಟ್ಟಿ ಮಾಡಬಹುದಲ್ಲವೆ ಎಂಬ ಯೋಚನೆಯು ಬಂದಿತು.

ಫಲಕಗಳನ್ನು ತೆಗೆಯುವುದು ಸುಲಭ, ಅಳೆಯುವುದು ಕಷ್ಟ. ಆ ಕಷ್ಟವನ್ನು ತಾನಾಗಿ ಹೊತ್ತುಕೊಂಡವರು ಹಾಲೆಂಡಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಕಾಪ್ಟೈನ್ ಎಂಬ ಆಚಾರ್ಯರು. ಇವರ ಸ್ಥಿತಿಯು ವಿಚಿತ್ರವಾದುದಾಗಿತ್ತು. ಖಗೋಳಶಾಸ್ತ್ರದ ಪೀಠವಿತ್ತು, ಆದರೆ ವೇಧಶಾಲೆಯಿರಲಿಲ್ಲ. ಅದನ್ನು ಕಟ್ಟಿಸಿಕೊಡಬೇಕೆಂದು ಅವರು ಮಾಡಿದ ಪ್ರಾರ್ಥನೆಗಳು ಸಫಲವಾಗಲಿಲ್ಲ. ಕಾಪ್ಟೈನರು 1885ರ ಕೊನೆಯಲ್ಲಿ ಗಿಲ್ ಅವರಿಗೆ ಪತ್ರ ಬರೆದು, ಫಲಕಗಳನ್ನು ಕಳುಹಿಸಿಕೊಟ್ಟರೆ ಅಳತೆಯ ಕೆಲಸವನ್ನು ತಾವು ಮಾಡಿಕೊಡುವುದಾಗಿ ತಿಳಿಸಿದರು. ದೂರದರ್ಶಕದ ನಾಭ್ಯಂತರವೆಷ್ಟೋ ಅಷ್ಟೇ ದೂರದಲ್ಲಿ ಫಲಕವನ್ನು ನಿಲ್ಲಿಸಿ, ಕೋನಗಳನ್ನು ಅಳೆಯುವ ಯಂತ್ರದಿಂದ ನೋಡಿದರೆ, ನಿಜವಾದ ಆಕಾಶವನ್ನು ನೋಡಿ ಅಳೆದಂತೆಯೇ ಆಗುವುದೆಂಬ ಉಪಾಯವನ್ನು ಅವರು ಕಂಡುಹಿಡಿದರು. ಹೀಗೆ ಸಿದ್ಧವಾದ ಪಟ್ಟಿಯು 1896ರಿಂದ 1900ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ನಕ್ಷತ್ರಗಳ ಸಂಖ್ಯೆ 4,54,875. ದಕ್ಷಿಣ ಗೋಳಾರ್ಧದ ಆಕಾಶವು ಉತ್ತರ ಯೂರೋಪಿನ ಒಂದು ಕೋಣೆಯಲ್ಲಿ ಅಳೆಯಲ್ಪಟ್ಟಿತು. ನೋಡುವ ಸ್ಥಳವೂ ಅಳೆಯುವ ಸ್ಥಳವೂ ಒಂದೇ ಆಗಿರಬೇಕಾಗಿಲ್ಲವೆಂಬುದು ಅಂದಿಗೆ ಸಿದ್ಧವಾಯಿತು.

ಗಿಲ್ ಅವರ ಪ್ರೇರಣೆಯಿಂದಲೇ 1887ರಲ್ಲಿ ಪ್ಯಾರಿಸ್ ನಗರದಲ್ಲಿ ನಾನಾ ದೇಶಗಳ ಪಂಡಿತರು ಸಭೆ ಸೇರಿ, ಇಡೀ ಆಕಾಶವನ್ನು ಪಟ್ಟಿಗಳಾಗಿ ಹಂಚಿಕೊಂಡು ಛಾಯಾಚಿತ್ರ ತೆಗೆಯುವುದೆಂದು ನಿಶ್ಚಯಿಸಿದರು. ಕೆಲವು ವೇಧಶಾಲೆಗಳು ಒಪ್ಪಿಕೊಂಡ ಕೆಲಸವನ್ನು ನಡೆಸಲಾರದೆ ಹೋದುವು. ಹಾಗೆ ಬಿಟ್ಟುಹೋದ ಒಂದು ಭಾಗವನ್ನು ವಹಿಸಿಕೊಂಡದ್ದು ಹೈದರಾಬಾದಿನ ನಿಜಾಮಿಯಾ ವೇಧಶಾಲೆ. ಇಂದಿನ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದುವು. ಚ್ಯಾಟ್‌ವುಡ್, ಪೋಕಾಕ್, ಭಾಸ್ಕರನ್ ಅವರ ಆಡಳಿತದಲ್ಲಿ ಅಲ್ಲಿ ಲಕ್ಷಗಟ್ಟಲೆ ನಕ್ಷತ್ರಗಳ ಸ್ಥಾನಗಳು ಅಳೆಯಲ್ಪಟ್ಟು ಅಚ್ಚಾದುವು. ಈ ಸಂಪುಟಗಳು ಬಹುಕಾಲ ಪುಸ್ತಕಭಂಡಾರಗಳಲ್ಲಿ ಧೂಳು ಹಿಡಿದು ಕುಳಿತಿದ್ದುವು. ವ್ಯರ್ಥಶ್ರಮವೆಂದು ಹಾಸ್ಯ ಮಾಡಿದವರೂ ಉಂಟು. ಆದರೆ 2000ರಲ್ಲಿ ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯನ್ನು ತಿಳಿಸುವ ಟೈಕೋ-2 ಎಂಬ ಪಟ್ಟಿಯನ್ನು ಸಿದ್ಧಪಡಿಸುವಾಗ, ಉಪಗ್ರಹದಿಂದ ತಿಳಿದ ಹೊಸ ಸ್ಥಾನಗಳೊಡನೆ ಹೋಲಿಸಿ ನೋಡಲು ಬೇಕಾದ ಹಳೆಯ ಸ್ಥಾನಗಳು ದೊರೆತದ್ದು ಮುಖ್ಯವಾಗಿ ಈ ಸಂಪುಟಗಳಿಂದಲೇ. ನಕ್ಷತ್ರವು ಎಷ್ಟು ಸರಿಯಿತೆಂದು ಹೇಳಬೇಕಾದರೆ ಅದು ಮೊದಲು ಎಲ್ಲಿತ್ತೆಂಬುದನ್ನು ಯಾರಾದರೂ ಬರೆದಿಟ್ಟಿರಬೇಕಷ್ಟೆ.

ಇದೇ ಕಾಲದಲ್ಲಿ ಹಾರ್ವರ್ಡಿನಲ್ಲಿ ಮತ್ತೊಂದು ವಿಧದ ಕೆಲಸವು ನಡೆಯುತ್ತಿತ್ತು. ಅಲ್ಲಿಯ ನಿರ್ದೇಶಕರಾದ ಪಿಕರಿಂಗ್ ಅವರು ಫಲಕಗಳನ್ನು ಪರೀಕ್ಷಿಸುವುದಕ್ಕೆ ಸ್ತ್ರೀಯರನ್ನು ನೇಮಿಸಿದ್ದರು. ಇವರು ರಾತ್ರಿಯ ವೇಳೆ ದೂರದರ್ಶಕದ ಬಳಿ ನಿಂತು ನೋಡುವ ಪದ್ಧತಿಯಿರಲಿಲ್ಲ. ಹಗಲಿನಲ್ಲಿ ಭೂತಗನ್ನಡಿಯ ಕೆಳಗೆ ಗಾಜನ್ನಿಟ್ಟುಕೊಂಡು ಲೆಕ್ಕ ಬರೆಯುವುದಷ್ಟೆ ಅವರ ಪಾಲಿನ ಕೆಲಸ. ಅವರಲ್ಲೊಬ್ಬರು ಹೆನ್ರಿಯೆಟಾ ಲೀವಿಟ್. ಕಿವಿ ಮಂದವಾಗಿದ್ದ ಈಕೆಗೆ ಗಂಟೆಗೆ 30 ಸೆಂಟುಗಳ ಸಂಬಳ. ದಕ್ಷಿಣ ಅಮೆರಿಕದ ಪೆರು ದೇಶದ ಅರೆಕೀಪಾದಲ್ಲಿ ತೆಗೆದ ಮೆಗೆಲ್ಲಾನಿಕ್ ಮೇಘಗಳ ಫಲಕಗಳು ಹಡಗಿನಲ್ಲಿ ಬಂದು ಈಕೆಯ ಮೇಜನ್ನು ಸೇರುತ್ತಿದ್ದುವು. ಆ ಮೇಘಗಳನ್ನು ಈಕೆಯು ಆಕಾಶದಲ್ಲಿ ಕಾಣುವಂತೆಯೇ ಇರಲಿಲ್ಲ. ಅವು ಹಾರ್ವರ್ಡಿನ ದಿಗಂತದ ಮೇಲಕ್ಕೆ ಬರುವುದೇ ಇಲ್ಲ. ಬೇರೆ ಬೇರೆ ಕಾಂತಿಯ ನಕ್ಷತ್ರಬಿಂದುಗಳನ್ನು ಸಾಲಾಗಿ ಮೂಡಿಸಿದ ಒಂದು ಚಿಕ್ಕ ಗಾಜಿನ ತುಂಡೇ ಅಳತೆಗೋಲು. ಅದನ್ನು ಫಲಕದ ಮೇಲಿಟ್ಟು, ಇದು ಯಾವ ಬಿಂದುವಿಗೆ ಸಮವೆಂದು ಒಂದೊಂದು ನಕ್ಷತ್ರವನ್ನೂ ಹೋಲಿಸಬೇಕು.

ಈ ವಿಧವಾಗಿ ಈಕೆಯು 1908ರಲ್ಲಿ ಆ ಮೇಘಗಳೊಳಗಿನ 1777 ಚಂಚಲಕಾಂತಿಯ ನಕ್ಷತ್ರಗಳ ಪಟ್ಟಿಯನ್ನು ಪ್ರಕಟಿಸಿದರು. 1912ರಲ್ಲಿ, ಕಿರಿಯ ಮೇಘದ 25 ನಕ್ಷತ್ರಗಳನ್ನು ಆರಿಸಿ, ಕಾಂತಿಯು ಏರಿಳಿಯುವ ಅವಧಿಯು ದೀರ್ಘವಾದಷ್ಟೂ ನಕ್ಷತ್ರವು ಹೆಚ್ಚು ಪ್ರಕಾಶಮಾನವಾಗಿರುವುದೆಂದು ಸ್ಥಾಪಿಸಿದರು. ಆ ನಕ್ಷತ್ರಗಳೆಲ್ಲವೂ ಒಂದೇ ಮೇಘದಲ್ಲಿದ್ದು ಸುಮಾರಾಗಿ ಒಂದೇ ದೂರದಲ್ಲಿರುವುದರಿಂದ, ಕಣ್ಣಿಗೆ ಕಾಣುವ ಕಾಂತಿಯ ಭೇದವು ನಿಜವಾದ ಭೇದವೇ ಆಗಿರಬೇಕೆಂಬುದು ಇಲ್ಲಿಯ ಯುಕ್ತಿ. ಅವಧಿಯನ್ನು ತಿಳಿದರೆ ನಿಜವಾದ ಕಾಂತಿಯು ತಿಳಿಯುವುದು. ಅದನ್ನು ಕಾಣುವ ಕಾಂತಿಯೊಡನೆ ಹೋಲಿಸಿದರೆ ದೂರವು ತಿಳಿಯುವುದು. 1923ರ ಅಕ್ಟೋಬರ್ ತಿಂಗಳಲ್ಲಿ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಹಬಲ್ ಅವರು ದೇವಯಾನಿ ನೀಹಾರಿಕೆಯ ಫಲಕವೊಂದನ್ನು ತೆಗೆದು, ಹೊಸ ನಕ್ಷತ್ರವೆಂದು ತಾವು ಗುರುತು ಮಾಡಿದ್ದ ಒಂದು ಚುಕ್ಕೆಯ ಗುರುತನ್ನು ಹೊಡೆದುಹಾಕಿ, ಅದು ಚಂಚಲಕಾಂತಿಯ ನಕ್ಷತ್ರವೆಂದು ಬರೆದರು. ಲೀವಿಟ್ ಅವರ ನಿಯಮದಿಂದ ಲೆಕ್ಕ ಹಾಕಿದಾಗ ಆ ನೀಹಾರಿಕೆಯು ಆಕಾಶಗಂಗೆಯ ಹೊರಗಿರುವ ಬೇರೊಂದು ನಕ್ಷತ್ರಲೋಕವೆಂದು ತಿಳಿಯಿತು. ಅದನ್ನು ಕೇಳಲು ಲೀವಿಟ್ ಇರಲಿಲ್ಲ, 1921ರಲ್ಲಿಯೇ ಗತಿಸಿದ್ದರು. ಬ್ರಹ್ಮಾಂಡದ ಅಳತೆಗೋಲನ್ನು ಕೊಟ್ಟವರು ದೂರದರ್ಶಕದ ಬಳಿ ಕುಳಿತವರಲ್ಲ, ಗಾಜಿನ ಬಳಿ ಕುಳಿತವರೆಂಬುದು ಸ್ಮರಣೀಯ.

ಆದರೆ ಗಾಜಿನ ಬಳಿ ಕುಳಿತುಕೊಳ್ಳುವ ಭಾಗ್ಯವಾದರೂ ಎಷ್ಟು ಜನಕ್ಕೆ? ಫಲಕವು ಒಂದೇ, ಅದರ ಬೀರು ಒಂದೇ ಊರಿನಲ್ಲಿ. ದೊಡ್ಡ ವೇಧಶಾಲೆಯ ಪರಿಚಯವೂ ಪ್ರಯಾಣದ ಖರ್ಚೂ ಇದ್ದವರಿಗೆ ಮಾತ್ರ ಅದು ದೊರೆಯುತ್ತಿತ್ತು. ಈ ಕಟ್ಟು ಸಡಿಲವಾಗುವುದಕ್ಕೆ ಚಿತ್ರವು ಗಾಜನ್ನು ಬಿಟ್ಟು ಅಂಕಿಯಾಗಬೇಕಾಯಿತು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ಅವರು ಸಿಸಿಡಿ ಎಂಬ ಉಪಕರಣವನ್ನು ಕಲ್ಪಿಸಿದರು. ಸಿಲಿಕಾನ್ ಬಿಲ್ಲೆಯ ಮೇಲೆ ಚದುರಂಗದ ಮನೆಗಳಂತೆ ಸಣ್ಣ ಸಣ್ಣ ಚೌಕಗಳು. ಒಂದೊಂದು ಚೌಕವೂ ತನ್ನ ಮೇಲೆ ಬಿದ್ದ ಬೆಳಕು ಎಷ್ಟೆಂಬುದನ್ನು ಅಂಕಿಯಲ್ಲಿ ತಿಳಿಸುತ್ತದೆ. ಅಗಲದಲ್ಲಿ ಸಾವಿರ, ಎತ್ತರದಲ್ಲಿ ಸಾವಿರ ಚೌಕಗಳಿದ್ದರೆ ಆ ಚಿತ್ರವು ಹತ್ತು ಲಕ್ಷ ಅಂಕಿಗಳ ಪಟ್ಟಿಯಲ್ಲದೆ ಬೇರೆಯಲ್ಲ. ಅಂಕಿಗಳನ್ನು ಎಷ್ಟು ಸಾರಿ ಪ್ರತಿ ಮಾಡಿದರೂ ಅವು ಸವೆಯುವುದಿಲ್ಲ. ಆದರೆ ಹೊಸದೊಂದು ತೊಡಕು ಹುಟ್ಟಿತು. ಪ್ರತಿಯೊಂದು ಸಂಸ್ಥೆಯೂ ತನ್ನ ಅಂಕಿಗಳನ್ನು ತನಗೆ ತೋರಿದ ಕ್ರಮದಲ್ಲಿ ಬರೆದಿಡುತ್ತಿದ್ದುದರಿಂದ, ಒಬ್ಬರ ಸುರುಳಿಯನ್ನು ಇನ್ನೊಬ್ಬರ ಯಂತ್ರವು ಓದಲಾರದಾಯಿತು.

ಇದನ್ನು ಪರಿಹರಿಸಿದವರು ಅಮೆರಿಕದ ವೆಲ್ಸ್, ಗ್ರೈಸೆನ್ ಮತ್ತು ಹಾಲೆಂಡಿನ ಹಾರ್ಟೆನ್. ಇವರು 1981ರಲ್ಲಿ ಪ್ರಕಟಿಸಿದ ಫಿಟ್ಸ್ ಎಂಬ ಲೇಖನಕ್ರಮವನ್ನು ಅಂತರರಾಷ್ಟ್ರೀಯ ಖಗೋಳ ಸಂಘವು ಮರುವರ್ಷವೇ ಅಂಗೀಕರಿಸಿತು. ಶಾಸನದ ಆರಂಭದಲ್ಲಿ ಶಕವರ್ಷ, ಮಾಸ, ತಿಥಿ, ಆಳುವ ಅರಸು, ಸ್ಥಳ ಇವುಗಳನ್ನು ಹೇಳಿ ಆಮೇಲೆ ದಾನದ ವಿಷಯಕ್ಕೆ ಬರುವುದು ಹೇಗೋ, ಫಿಟ್ಸ್ ಕಡತದಲ್ಲಿಯೂ ಮೊದಲು ಒಂದು ಪೀಠಿಕೆ, ಆಮೇಲೆ ಅಂಕಿಗಳು. ಪೀಠಿಕೆಯ ಒಂದೊಂದು ಸಾಲಿಗೂ 80 ಅಕ್ಷರಗಳು. ಯಾವ ದೂರದರ್ಶಕ, ಯಾವ ದಿನ, ಎಷ್ಟು ಸೆಕೆಂಡುಗಳ ಕಾಲ ಬೆಳಕನ್ನು ಹಿಡಿಯಲಾಯಿತು, ಚಿತ್ರದ ಯಾವ ಚೌಕವು ಆಕಾಶದ ಯಾವ ಬಿಂದುವಿಗೆ ಸರಿ, ಇವೇ ಮೊದಲಾದ ಸಂಗತಿಗಳನ್ನು ಮನುಷ್ಯನ ಕಣ್ಣಿಗೂ ಓದಲು ಬರುವಂತೆ ಅಲ್ಲಿ ಬರೆದಿರುವುದು. ತಿಥಿ ವಾರಗಳಿಲ್ಲದ ಶಾಸನವು ಚರಿತ್ರಕಾರನಿಗೆ ಎಷ್ಟು ತೊಡಕೋ, ಪೀಠಿಕೆಯಿಲ್ಲದ ಚಿತ್ರವು ಜ್ಯೋತಿರ್ವಿದನಿಗೆ ಅಷ್ಟೇ ತೊಡಕು. ಮುಂದೆ ಏನನ್ನು ಸೇರಿಸಿದರೂ ಹಳೆಯ ಕಡತಗಳು ಅಸಿಂಧುವಾಗಕೂಡದೆಂಬ ಕಟ್ಟಳೆಯನ್ನೂ ಆ ಪಂಡಿತರು ಪಾಲಿಸಿಕೊಂಡು ಬಂದರು.

ಹೀಗೆ ಬರೆದ ಕಡತಗಳನ್ನು ನೋಡಲು 1990ರಲ್ಲಿ ವ್ಯಾನ್‌ಹಿಲ್ಸ್ಟ್ ಅವರು ಸ್ಮಿತ್ಸೋನಿಯನ್ ವೇಧಶಾಲೆಯಲ್ಲಿ ಒಂದು ತಂತ್ರಾಂಶವನ್ನು ರಚಿಸಿದರು. ಅದರ ವಂಶದಲ್ಲಿ ಜಾಯ್ ಅವರ ಡಿಎಸ್9 ಎಂಬುದು ಬಂದು ಲೋಕಪ್ರಸಿದ್ಧವಾಯಿತು. ಆದರೆ ಆ ಕಾಲಕ್ಕೆ ಇವೆಲ್ಲ ವಿಶ್ವವಿದ್ಯಾಲಯಗಳ ಬೆಲೆಬಾಳುವ ಯಂತ್ರಗಳಲ್ಲಿ ನಡೆಯತಕ್ಕುವಾಗಿದ್ದುವು. ಇತ್ತ 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರ್ ಪ್ರಚಾರಕ್ಕೆ ಬಂದಿತು. ಮರುವರ್ಷವೇ ನಾಸಾ ಸಂಸ್ಥೆಯ ಸ್ಕೈವ್ಯೂ ಎಂಬ ಸೇವೆಯು, ಆಕಾಶದ ಯಾವ ಭಾಗ ಬೇಕೆಂದು ಕೇಳಿದವರಿಗೆ ಆ ಭಾಗದ ಚಿತ್ರವನ್ನು ಕಳುಹಿಸಲಾರಂಭಿಸಿತು. 1949ರಿಂದ ಪಾಲೋಮಾರ್ ಬೆಟ್ಟದಲ್ಲಿ ತೆಗೆದ ದೊಡ್ಡ ದೊಡ್ಡ ಗಾಜಿನ ಫಲಕಗಳೂ ಆ ವೇಳೆಗೆ ಅಂಕಿಗಳಾಗಿ ಮಾರ್ಪಟ್ಟಿದ್ದುವು.

2001ರಲ್ಲಿ ಗಣಕವಿಜ್ಞಾನಿಯಾದ ಜಿಮ್ ಗ್ರೇ, ಖಗೋಳಜ್ಞರಾದ ಅಲೆಕ್ಸ್ ಸಾಲೇ ಅವರು ಸ್ಲೋನ್ ಆಕಾಶಸಮೀಕ್ಷೆಯ ಚಿತ್ರಗಳನ್ನೂ ಪಟ್ಟಿಗಳನ್ನೂ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಪಂಡಿತನಿಗೆ ಯಾವ ಬಾಗಿಲೋ ಶಾಲೆಯ ಬಾಲಕನಿಗೂ ಅದೇ ಬಾಗಿಲು. 2007ರ ಜನವರಿಯಲ್ಲಿ ಗ್ರೇ ಅವರು ಒಬ್ಬರೇ ದೋಣಿಯಲ್ಲಿ ಕ್ಯಾಲಿಫೋರ್ನಿಯದ ಕಡಲಿಗೆ ಹೋದವರು ಹಿಂದಿರುಗಲಿಲ್ಲ. ಉಪಗ್ರಹಗಳಿಂದ ಆ ಸಮುದ್ರದ ಚಿತ್ರಗಳನ್ನು ತೆಗೆಯಿಸಿ, ತುಂಡುತುಂಡಾಗಿ ಅಂತರ್ಜಾಲದಲ್ಲಿ ಹರಡಲಾಗಿ, ಸಾವಿರಾರು ಜನ ತಮ್ಮ ಮನೆಗಳಲ್ಲಿ ಕುಳಿತು, ಬಿಳಿಯ ದೋಣಿಯೊಂದರ ಗುರುತಿಗಾಗಿ ಕಣ್ಣು ನೋಯುವಂತೆ ಹುಡುಕಿದರು. ದೋಣಿಯು ದೊರೆಯಲಿಲ್ಲ. ಚಿತ್ರಗಳನ್ನು ಜನರ ಮುಂದೆ ಇಟ್ಟವರನ್ನು ಜನರು ಚಿತ್ರಗಳಲ್ಲಿಯೇ ಹುಡುಕಬೇಕಾಗಿ ಬಂದದ್ದು ವಿಧಿಯ ವಿಪರ್ಯಾಸವೆನ್ನಬೇಕು.

ಅದೇ ವರ್ಷ ಜುಲೈ ತಿಂಗಳಲ್ಲಿ ಲಿಂಟಾಟ್, ಶಾವಿನ್ಸ್ಕಿ ಮೊದಲಾದವರು ಸ್ಲೋನ್ ಸಮೀಕ್ಷೆಯ ಸುಮಾರು ಒಂಬತ್ತು ಲಕ್ಷ ನಕ್ಷತ್ರಲೋಕಗಳ ಚಿತ್ರಗಳನ್ನು ಗೆಲಾಕ್ಸಿ ಜೂ ಎಂಬ ಹೆಸರಿನಿಂದ ಜನರ ಮುಂದಿಟ್ಟು, ಇದು ಸುರುಳಿಯೋ ಅಂಡಾಕಾರವೋ ಎಂದು ಹೇಳಿರೆಂದು ಬೇಡಿದರು. ಒಂದು ವರ್ಷದೊಳಗೆ ಒಂದೂವರೆ ಲಕ್ಷ ಜನರಿಂದ ಐದು ಕೋಟಿ ಉತ್ತರಗಳು ಬಂದುವು. ಹಾಲೆಂಡಿನ ಶಾಲೋಪಾಧ್ಯಾಯಿನಿ ಹ್ಯಾನಿ ಫಾನ್ ಆರ್ಕೆಲ್ ಎಂಬವರು ಐ.ಸಿ. 2497 ಎಂಬ ನಕ್ಷತ್ರಲೋಕದ ಕೆಳಗೆ ನೀಲಿಯ ಕಲೆಯೊಂದನ್ನು ಕಂಡು, ಇದೇನೆಂದು ಕೇಳಿದರು. ಪಂಡಿತರಿಗೂ ತಿಳಿದಿರಲಿಲ್ಲ. ಪರೀಕ್ಷಿಸಲಾಗಿ, ಆ ನಕ್ಷತ್ರಲೋಕದ ಗರ್ಭದಲ್ಲಿ ಒಂದು ಕಾಲದಲ್ಲಿ ಪ್ರಜ್ವಲಿಸಿ ಈಗ ಮಂಕಾಗಿರುವ ತೇಜಸ್ಸಿನಿಂದ ಬೆಳಗಿದ ಅನಿಲರಾಶಿ ಅದೆಂದು ಗೊತ್ತಾಯಿತು. ದೀಪವು ಆರಿದರೂ ಅದರ ಪ್ರತಿಫಲನವು ಇನ್ನೂ ಕಾಣುತ್ತಿತ್ತು. ಹಾಲೆಂಡಿನ ಕಾಪ್ಟೈನರಿಗೆ ದೂರದರ್ಶಕವಿಲ್ಲದಿದ್ದಂತೆ ಅದೇ ದೇಶದ ಈ ಉಪಾಧ್ಯಾಯಿನಿಗೂ ಇರಲಿಲ್ಲ. ಆದರೆ ಕಾಪ್ಟೈನರಿಗೆ ಬೇಕಾಗಿದ್ದ ಪತ್ರವ್ಯವಹಾರವೂ ಹಡಗೂ ಈಕೆಗೆ ಬೇಕಾಗಲಿಲ್ಲ.

ಇಷ್ಟರವರೆಗೆ ಮನೆಯವರಿಗೆ ಲಭಿಸಿದ್ದು ಬಹುಮಟ್ಟಿಗೆ ನೋಟ. ಅಳತೆಯು ಇನ್ನೂ ದೂರವಿತ್ತು. ಆ ಅಂತರವನ್ನು 2010ರ ದಶಕದ ಎರಡು ಸಾಧನಗಳು ಮುಚ್ಚಿದುವು. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಪಂಡಿತರು 2013ರಲ್ಲಿ ಹೊರತಂದ ಅಲಾದಿನ್ ಲೈಟ್ ಒಂದು. ಇದರಲ್ಲಿ ಆಕಾಶಗೋಲವನ್ನೇ ಸಮಾನವಾದ ತುಂಡುಗಳಾಗಿ ವಿಭಾಗಿಸಿಟ್ಟಿದ್ದು, ನೋಡುವವನು ಹತ್ತಿರ ಹತ್ತಿರಕ್ಕೆ ಹೋದಂತೆ ಅಲ್ಲಿಗೆ ಬೇಕಾದ ಸೂಕ್ಷ್ಮವಾದ ತುಂಡುಗಳು ಮಾತ್ರ ಬಂದು ಸೇರುತ್ತವೆ. ಹಬಲ್ ಅವರು ಕಂಡ ದೇವಯಾನಿಯನ್ನು ಹೆಸರು ಹೇಳಿ ಕರೆದರೆ, ಅದು ಕಣ್ಣಿಗೆ ಕಾಣುವ ಬೆಳಕಿನಲ್ಲಿಯೂ ಅತಿರಕ್ತ ಕಿರಣದಲ್ಲಿಯೂ ಒಂದಾದ ಮೇಲೊಂದು ಬಂದು ನಿಲ್ಲುವುದು. ಮತ್ತೊಂದು, ಸ್ಮಿತ್ಸೋನಿಯನ್ ವೇಧಶಾಲೆಯ ಎರಿಕ್ ಮ್ಯಾಂಡೆಲ್ ಮೊದಲಾದವರು ರಚಿಸಿದ ಜೆಎಸ್9. ಡಿಎಸ್9ನ ಮುಖ್ಯ ಗುಣಗಳನ್ನು ಇದು ಬ್ರೌಸರಿನೊಳಕ್ಕೇ ತಂದಿತು. ಫಿಟ್ಸ್ ಕಡತವನ್ನು ಎಳೆದು ಅದರ ಮೇಲೆ ಬಿಟ್ಟರೆ, ಲೆಕ್ಕವೆಲ್ಲವೂ ನೋಡುವವನ ಯಂತ್ರದಲ್ಲಿಯೇ ನಡೆಯುವುದು. ಬೇರೆ ತಂತ್ರಾಂಶವನ್ನು ಸ್ಥಾಪಿಸುವ ತೊಂದರೆಯಿಲ್ಲ.

ಇದರಿಂದ ಏನಾಗುವುದೆಂಬುದಕ್ಕೆ ಒಂದು ದೃಷ್ಟಾಂತವು ಸಾಕು. 1999ರಲ್ಲಿ ಉಡಾಯಿಸಿದ ಚಂದ್ರ ಎಕ್ಸ್‌ಕಿರಣ ವೇಧಶಾಲೆಯು ಮೊದಲು ತೆಗೆದ ಚಿತ್ರಗಳಲ್ಲೊಂದು ಕ್ಯಾಸಿಯೋಪಿಯ-ಎ ಎಂಬ ಸಿಡಿದ ನಕ್ಷತ್ರದ ಅವಶೇಷ. (ಆ ಯಂತ್ರದ ಹೆಸರು ಭಾರತಸಂಜಾತ ವಿಜ್ಞಾನಿ ಚಂದ್ರಶೇಖರರ ಸ್ಮಾರಕ.) ಅದರ ಕಡತವನ್ನು ಜೆಎಸ್9ನಲ್ಲಿ ತೆರೆದು, ಅವಶೇಷದ ಸುತ್ತ ಒಂದು ವೃತ್ತವನ್ನು ಎಳೆದರೆ, ಪೀಠಿಕೆಯಲ್ಲಿರುವ ಅಳತೆಯ ಆಧಾರದಿಂದ ಅದರ ವ್ಯಾಸವು ಸುಮಾರು 5 ಕಲೆಗಳೆಂದು ತಿಳಿಯುವುದು. ಅದರ ದೂರವು ಸುಮಾರು 11,000 ಜ್ಯೋತಿರ್ವರ್ಷ. ತ್ರೈರಾಶಿಕವನ್ನು ಬಲ್ಲ ವಿದ್ಯಾರ್ಥಿಯು ಇದರಿಂದ ವ್ಯಾಸವು 16 ಜ್ಯೋತಿರ್ವರ್ಷ, ತ್ರಿಜ್ಯವು 8 ಎಂದು ಕಂಡುಕೊಳ್ಳುವನು. ಸ್ಫೋಟದ ಬೆಳಕು ಭೂಮಿಯನ್ನು ಮುಟ್ಟಿದ್ದು ಸುಮಾರು 1680ರಲ್ಲಿ. ಚಿತ್ರ ತೆಗೆಯುವ ವೇಳೆಗೆ ಕಳೆದದ್ದು ಸುಮಾರು 320 ವರ್ಷ. ಆ ಭಗ್ನರಾಶಿಯು ಸರಾಸರಿಯಲ್ಲಿ ಸೆಕೆಂಡಿಗೆ ಏಳು ಸಾವಿರ ಕಿಲೋಮೀಟರುಗಳಿಗೂ ಮಿಕ್ಕಿದ ವೇಗದಿಂದ ಹರಡಿಕೊಂಡಿರಬೇಕೆಂಬ ತೀರ್ಮಾನಕ್ಕೆ ಅವನು ಮನೆಯ ಮೇಜಿನ ಬಳಿಯೇ ಬರಬಹುದು. ಪುಸ್ತಕದಲ್ಲಿ ಓದಿ ನಂಬಿದ ಅಂಕೆಗೂ ತಾನೇ ಅಳೆದು ಪಡೆದ ಅಂಕೆಗೂ ಇರುವ ಭೇದವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಆದರೆ ಇಲ್ಲಿ ಎಚ್ಚರಿಕೆಯೂ ಬೇಕು. ಆ ಚಿತ್ರದ ಕೆಂಪು, ಹಸುರು, ನೀಲಿ ಬಣ್ಣಗಳು ಆಕಾಶದಲ್ಲಿರುವುವಲ್ಲ. ಎಕ್ಸ್‌ಕಿರಣಕ್ಕೆ ಕಣ್ಣು ಕಾಣುವ ಬಣ್ಣವಿಲ್ಲ. ಕಿರಣಗಳ ಶಕ್ತಿಭೇದವನ್ನು ತೋರಿಸಲು ಮನುಷ್ಯರು ಹಚ್ಚಿದ ಬಣ್ಣಗಳವು. ಕಪ್ಪು ಬಿಳುಪುಗಳ ಮಟ್ಟವನ್ನು ಸ್ವಲ್ಪ ಸರಿಸಿದರೆ ಇಲ್ಲದ ಮೋಡವು ಕಂಡಂತಾಗುವುದು, ಇರುವ ನಕ್ಷತ್ರವು ಮಾಯವಾಗುವುದು. ಬಣ್ಣವನ್ನು ಎಷ್ಟು ಬದಲಾಯಿಸಿದರೂ ಕೆಳಗಿರುವ ಅಂಕಿಗಳು ಬದಲಾಗುವುದಿಲ್ಲ. ಸಾಕ್ಷ್ಯವು ಅಂಕಿಯಲ್ಲಿದೆ, ಬಣ್ಣದಲ್ಲಿಲ್ಲ. ಪಡಿಯಚ್ಚಿನ ಮೇಲೆ ಮಸಿ ಹೆಚ್ಚಾದರೆ ಬಿರುಕೂ ಅಕ್ಷರದಂತೆ ಕಾಣುವುದೆಂಬುದನ್ನು ಶಾಸನಜ್ಞರು ಬಲ್ಲರು.

ಭಾರತದ ಭಂಡಾರವೂ ಅಲ್ಪವಾದುದಲ್ಲ. 1899ರಲ್ಲಿ ಸ್ಥಾಪಿತವಾದ ಕೊಡೈಕನಾಲ್ ವೇಧಶಾಲೆಯಲ್ಲಿ, 20ನೆಯ ಶತಮಾನದ ಮೊದಲ ವರ್ಷಗಳಿಂದಲೇ ಸೂರ್ಯನ ಚಿತ್ರಗಳನ್ನು ದಿನದಿನವೂ ತೆಗೆದಿಡುತ್ತ ಬಂದರು. ಸೂರ್ಯಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುವುದೆಂದು ಎವರ್ಷೆಡ್ ಅವರು 1909ರಲ್ಲಿ ಕಂಡುಹಿಡಿದದ್ದು ಅಲ್ಲಿಯೇ. ಆ ಫಲಕಗಳು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಪ್ರಯತ್ನದಿಂದ ಅಂಕಿಗಳಾಗಿ ಮಾರ್ಪಟ್ಟು ಲೋಕಕ್ಕೆ ತೆರೆದಿವೆ. 2015ರಲ್ಲಿ ಉಡಾವಣೆಯಾದ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಸಂಗ್ರಹವಾಗಿ, 2018ರಿಂದ ಎಲ್ಲರಿಗೂ ದೊರೆಯುವಂತಾಯಿತು. ಅದೂ ಫಿಟ್ಸ್ ಕ್ರಮದಲ್ಲಿಯೇ ಇದೆ.

ಈ ಸಂಪತ್ತು ತಾನಾಗಿ ಉಳಿಯುವುದೆಂದು ಮಾತ್ರ ಭಾವಿಸಬಾರದು. 2016ರ ಜನವರಿಯಲ್ಲಿ ಹಾರ್ವರ್ಡಿನಲ್ಲಿ ನೀರಿನ ಕೊಳವೆಯೊಡೆದು, ಫಲಕಭಂಡಾರದ ನೆಲಮಾಳಿಗೆಗೆ ನೀರು ನುಗ್ಗಿ, ಸುಮಾರು 61,000 ಫಲಕಗಳು ಮುಳುಗಿದುವು. ಅವುಗಳನ್ನು ಎತ್ತಿ, ಕೆಡದಂತೆ ಹೆಪ್ಪುಗಟ್ಟಿಸಿ, ಒಂದೊಂದಾಗಿ ಶುಚಿಮಾಡಬೇಕಾಯಿತು. ಆ ಭಂಡಾರದ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಫಲಕಗಳನ್ನು ಅಂಕಿಗಳಾಗಿಸುವ ಕೆಲಸವು ಅನಂತರ ಪೂರೈಸಿತು. ಅಂಕಿಗೆ ನೀರಿನ ಭಯವಿಲ್ಲದಿದ್ದರೂ ಮರೆವಿನ ಭಯವುಂಟು. ಜಾವಾ ಎಂಬ ಪದ್ಧತಿಯಲ್ಲಿ ರಚಿತವಾಗಿ ಬ್ರೌಸರಿನೊಳಗೆ ನಡೆಯುತ್ತಿದ್ದ ಹಳೆಯ ಸಾಧನಗಳು, ಬ್ರೌಸರುಗಳೇ ಆ ಪದ್ಧತಿಯನ್ನು ಕೈಬಿಟ್ಟೊಡನೆ ನಿಂತುಹೋದುವು. ನೋಡುವ ಸಾಧನವು ಹೋದರೂ ಕಡತವು ಉಳಿದದ್ದು, ಅದರ ಪೀಠಿಕೆಯು ಯಾವ ಸಾಧನದ ಹಂಗಿಗೂ ಒಳಪಡದಿರುವುದರಿಂದ.

ಲೀವಿಟ್ ಅವರು ಕಣ್ಣಿಟ್ಟು ನೋಡಿದ ಭಂಡಾರದ ಫಲಕಗಳು ಇಂದು ಹೀಗೆ ಅಂಕಿಗಳಾಗಿ ಅಂತರ್ಜಾಲದಲ್ಲಿವೆ. ಆಕೆಯ ಗಾಜಿನ ಅಳತೆಗೋಲಿನ ಬದಲು ಪರದೆಯ ಮೇಲೆ ಎಳೆಯುವ ವೃತ್ತವು ಬಂದಿದೆ. ಗಂಟೆಗೆ ಇಷ್ಟೆಂಬ ಕೂಲಿಯೂ ಇಲ್ಲ, ದ್ವಾರಪಾಲಕನೂ ಇಲ್ಲ. ಜಿಲ್ಲೆಯ ಯಾವುದಾದರೊಂದು ಮನೆಯ ಬಾಲಿಕೆಯು ಸಂಜೆಯ ವೇಳೆ ಆ ಫಲಕವನ್ನು ತೆರೆದು, ಅದೇ ನಕ್ಷತ್ರವನ್ನು ಇನ್ನೊಂದು ಸಾರಿ ಅಳೆಯಬಹುದು. ಬಾಗಿಲು ತೆರೆದದ್ದಾಗಿದೆ. ಲೀವಿಟ್ ಅವರಲ್ಲಿದ್ದ ಸಹನೆಯನ್ನು ಮಾತ್ರ ಒಳಗೆ ಹೋಗುವವರು ತಾವೇ ತರಬೇಕು.